ಕಿಟ್ ಲೆನ್ಸಿನಲ್ಲೇ ಮುಖದ ಫೋಟೋ: ಆರು ವಾರದ ದಿನಚರಿ

ಮೊದಲ ವಾರ

ನನ್ನ ಹತ್ತಿರ ಇರುವುದು ಒಂದು ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18-55 ಮಿ.ಮೀ. ಲೆನ್ಸ್, ಅಂದರೆ ಕಿಟ್ ಲೆನ್ಸ್. ಹೊರಗೆ ತೆಗೆದ ಮುಖದ ಫೋಟೋ ಒಂದೂ ಸರಿಯಾಗಿ ಬರುತ್ತಿರಲಿಲ್ಲ. ತಪ್ಪೆಲ್ಲ ಲೆನ್ಸಿನದು ಅಂತ ಎರಡು ವರ್ಷ ನಂಬಿಕೊಂಡಿದ್ದೆ. ಬೆಳಕು ಒಳಬರುವ ಕಂಡಿ ತುಂಬ ಅಗಲ ತೆರೆಯುವ ಒಂದು ಎಫ್/1.8 ಲೆನ್ಸ್ ಕೊಂಡರೆ ಎಲ್ಲ ಸರಿಹೋಗುತ್ತದೆ ಅನ್ನುವ ಆಸೆ. ಕೊಳ್ಳುವ ಮುಂಚೆ ಆರು ವಾರ ಇದರಲ್ಲೇ ಒದ್ದಾಡಿ ನೋಡೋಣ ಅಂತ ಹೊರಟಿದ್ದೇನೆ. ಮಾಡೆಲ್ ತಂಗಿ. ಬೇರೆ ಯಾರೂ ಸಿಗಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಶುರು ಮಾಡಿದೆ. ಬೆಳಕು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ? ಅಲ್ಲವಂತೆ. ಬಿಸಿಲು ನೆತ್ತಿಯ ಮೇಲಿತ್ತು. ಹುಬ್ಬಿನ ನೆರಳು ಎರಡೂ ಕಣ್ಣನ್ನು ನುಂಗಿತ್ತು, ಮೂಗಿನ ನೆರಳು ಮೀಸೆಯ ಹಾಗೆ ಕೆಳಗಿಳಿದಿತ್ತು. ತೆಗೆದದ್ದು 140, ಇಟ್ಟುಕೊಂಡದ್ದು ಸೊನ್ನೆ. "ನಾನು ಇಷ್ಟೊಂದು ಸಿಡುಕಿಯಾ?" ಅಂತ ತಂಗಿ ಕೇಳಿದಳು.

ಎರಡನೇ ವಾರ

ಈ ಸಲ ಮೂರೂವರೆಗೆ ಹೋದೆವು. ಅವಳನ್ನು ಒಂದು ಕಟ್ಟಡದ ನೆರಳಲ್ಲಿ, ಬಿಸಿಲಿನ ಅಂಚಿನಿಂದ ಎರಡೇ ಹೆಜ್ಜೆ ಒಳಗೆ, ತೆರೆದ ಆಕಾಶದ ಕಡೆ ಮುಖ ಮಾಡಿ ನಿಲ್ಲಿಸಿದೆ. ಅಷ್ಟೇ. ಚರ್ಮ ಮೆತ್ತಗೆ ಕಂಡಿತು, ಕಣ್ಣಿನಲ್ಲಿ ಆಕಾಶದ ಹೊಳಪು ಬಂತು. ಕ್ಯಾಮೆರಾ ಅದೇ, ಲೆನ್ಸ್ ಅದೇ, ಹುಡುಗಿಯೂ ಅದೇ.

ಜಾಗ ಹುಡುಕುವುದಕ್ಕೆ ಈಗ ಒಂದು ಉಪಾಯ ಸಿಕ್ಕಿದೆ. ಮುಷ್ಟಿ ಕಟ್ಟಿ ಕೈ ಮುಂದೆ ಚಾಚಿ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗುತ್ತೇನೆ. ಆ ಮುಷ್ಟಿಯೇ ಅವಳ ತಲೆ ಅಂದುಕೊಳ್ಳಬೇಕು. ಅದರ ಮೇಲಿನ ನೆರಳು ಎಲ್ಲಿ ತೆಳುವಾಗುತ್ತದೋ ಆ ಕಡೆ ಅವಳನ್ನು ನನಗೆದುರಾಗಿ ನಿಲ್ಲಿಸಿದರೆ ಆಯ್ತು. ನೋಡಿದವರು ಇವನೇನೋ ಮಂತ್ರ ಹಾಕುತ್ತಿದ್ದಾನೆ ಅಂದುಕೊಂಡಿರಬೇಕು.

ಮರದ ಕೆಳಗೆ ಮಾತ್ರ ಸೋತೆ. ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಕೆನ್ನೆಗೆ ಬಿದ್ದವು, ಹುಲ್ಲಿನ ಹಸಿರು ಗದ್ದಕ್ಕೆ ಹತ್ತಿತು.

ಮೂರನೇ ವಾರ

ಹಿನ್ನೆಲೆ ಬ್ಲರ್ ಆಗಬೇಕು ಅನ್ನುವುದು ನನ್ನ ದೊಡ್ಡ ಹುಚ್ಚು. ಲೆನ್ಸಿನ ಮೇಲೆ 3.5-5.6 ಅಂತ ಬರೆದಿದೆ. ಅವು ಎಫ್ ಅಂಕಿಗಳು: ಕಂಡಿಯನ್ನು ಪೂರ್ತಿ ತೆರೆದಾಗ 18 ಮಿ.ಮೀ.ನಲ್ಲಿ 3.5, 55ರಲ್ಲಿ 5.6. ಅಂಕಿ ಚಿಕ್ಕದಾದಷ್ಟೂ ಬ್ಲರ್ ಜಾಸ್ತಿ ಅಂತ ಎಲ್ಲೋ ಓದಿ, ಇಷ್ಟು ದಿನ 18 ಮಿ.ಮೀ.ನಲ್ಲಿ ಎಫ್/3.5 ಇಟ್ಟು, ಮುಖದ ಹತ್ತಿರ ಹೋಗಿ ತೆಗೆಯುತ್ತಿದ್ದೆ. ಹಿಂದಿನ ಗೋಡೆಯ ಇಟ್ಟಿಗೆ ಎಣಿಸಬಹುದಿತ್ತು. ತಂಗಿಯ ಮೂಗು ಊದಿಕೊಂಡ ಹಾಗೆ ಬರುತ್ತಿತ್ತು, ಅದು ಬೇರೆ.

ಈ ವಾರ ಕೂತು ಲೆಕ್ಕ ಹಾಕಿದೆ. ಫೋಕಲ್ ಲೆಂಥನ್ನು (ಲೆನ್ಸಿನ ಆ ಮಿ.ಮೀ. ಅಂಕಿಯನ್ನು) ಎಫ್ ಅಂಕಿಯಿಂದ ಭಾಗಿಸಿದರೆ ಲೆನ್ಸಿನ ಕಂಡಿ ಎಷ್ಟು ಅಗಲ ಅನ್ನುವುದು ಸಿಗುತ್ತದೆ. 18ನ್ನು 3.5ರಿಂದ ಭಾಗಿಸಿದರೆ ಸುಮಾರು 5 ಮಿ.ಮೀ. 55ನ್ನು 5.6ರಿಂದ ಭಾಗಿಸಿದರೆ ಸುಮಾರು 10 ಮಿ.ಮೀ. ಅಂಕಿ ದೊಡ್ಡದು, ಆದರೆ ಕಂಡಿ ಎರಡರಷ್ಟು! ಮುಖ ಫೋಟೋದಲ್ಲಿ ಅಷ್ಟೇ ದೊಡ್ಡದಾಗಿ ಬರುವ ಹಾಗೆ ನಿಂತರೆ, ದೂರದ ಹಿನ್ನೆಲೆ ಎಷ್ಟು ಕರಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಈ ಕಂಡಿ. ಲೆನ್ಸಿನ ಮೇಲಿನ ಅಂಕಿ ನೋಡಿ ನಾನು ಸುಮ್ನೆ ಮೋಸ ಹೋಗಿದ್ದೆ.

ಲೆಕ್ಕದ ಇನ್ನರ್ಧ ಇರುವುದು ಗೋಡೆಯ ದೂರದಲ್ಲಿ. ತಂಗಿ ನನ್ನಿಂದ ಒಂದೂವರೆ ಮೀಟರ್ ದೂರ, ಗೋಡೆ ಅವಳ ಬೆನ್ನಿಂದ ಅರ್ಧ ಮೀಟರ್. ಹೀಗೆ ಒಂದು ತೆಗೆದೆ. ಆಮೇಲೆ ಇಬ್ಬರೂ ಮುಂದೆ ಬಂದು ಗೋಡೆಯನ್ನು ಹದಿಮೂರು ಮೀಟರ್ ಹಿಂದೆ ಬಿಟ್ಟೆವು. ಅದೇ 55, ಅದೇ 5.6. ಲೆಕ್ಕದ ಪ್ರಕಾರ ಬ್ಲರ್ ಮೂರು ಪಟ್ಟಿಗೂ ಜಾಸ್ತಿ ಆಗಬೇಕು. ಆಯಿತು ಕೂಡ. ಇಟ್ಟಿಗೆಗಳು ಹೋಗಿ ಬರೀ ಕೆಂಪು ಬಣ್ಣ ಉಳಿಯಿತು. ಖರ್ಚಾದದ್ದು ಇಪ್ಪತ್ತು ಹೆಜ್ಜೆ. ಅವಳಿಂದ ಹಿಂದೆ ಸರಿದು 55ರಲ್ಲಿ ತೆಗೆದದ್ದಕ್ಕೆ ಮೂಗೂ ತನ್ನ ಅಳತೆಗೆ ಬಂತು. ಆ ಸಂಜೆ ತಂಗಿಗಿಂತ ನಾನೇ ಜಾಸ್ತಿ ನಗುತ್ತಿದ್ದೆ.

ನಾಲ್ಕನೇ ವಾರ

ತಂಗಿ ಕೈಕೊಟ್ಟಳು. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದರು, ಮುಖ ಕಪ್ಪಗೆ ಬಂತು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಅಂಗಿ ಯಾವುದು, ಮುಖ ಯಾವುದು ಗೊತ್ತಿಲ್ಲ. ಎಲ್ಲವನ್ನೂ ಸೇರಿಸಿ ಬೂದು ಬಣ್ಣದ ಮಟ್ಟಕ್ಕೆ ತರಲು ನೋಡುತ್ತದೆ. ಮೀಟರ್ ಹೇಳಿದ್ದಕ್ಕಿಂತ ಫೋಟೋವನ್ನು ಬೆಳಗಿಸುವ ಇಲ್ಲವೇ ಕಪ್ಪಾಗಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯನ್ನು ಪ್ಲಸ್ 1 ಮಾಡಿದೆ, ಮುಖ ಬೆಳಗಿತು. ಸಂಜೆ ಸೂರ್ಯ ಅವರ ಬೆನ್ನ ಹಿಂದೆ ಇದ್ದಾಗಲೂ ಇದೇ ಗುಂಡಿ ಕಾಪಾಡಿತು. ಆಕಾಶ ಬೆಳ್ಳಗೆ ಸುಟ್ಟುಹೋಯಿತು, ಹೋಗಲಿ. ಲೆನ್ಸಿಗೆ ನೇರ ಬಿಸಿಲು ಬೀಳದ ಹಾಗೆ ಎಡಗೈ ಅಡ್ಡ ಹಿಡಿದೆ. ನಾಲ್ಕು ಫೋಟೋದಲ್ಲಿ ಆ ಕೈಯೂ ಬಂದಿದೆ.

ಐದನೇ ವಾರ

ಬೇಜಾರಿನ ವಾರ. ಮೋಡ ಮುಸುಕಿದ ಸಂಜೆ, ಇಷ್ಟು ಚೆಂದದ ಬೆಳಕು ಇದುವರೆಗೆ ಸಿಕ್ಕಿರಲಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಸೊಗಸಾಗಿ ಕಂಡವು. ಮನೆಗೆ ಬಂದು ದೊಡ್ಡದಾಗಿ ತೆರೆದರೆ ಒಂದೂ ಶಾರ್ಪ್ ಇಲ್ಲ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿಯಲ್ಲಿ, 100ಕ್ಕೇ ಅಂಟಿಕೊಂಡಿದ್ದೆ, ಹಾಗಾಗಿ ಶಟರ್ ವೇಗ 1/30 ಸೆಕೆಂಡಿಗೆ ಇಳಿದಿತ್ತು. ಕೆಲವು ನನ್ನ ಕೈ ನಡುಗಿ ಹೋದವು, ಕೆಲವು ತಂಗಿ ಅಲುಗಾಡಿ. ಇನ್ನು ಕೆಲವಲ್ಲಿ ಫೋಕಸ್ ಕಣ್ಣಿನ ಬದಲು ಮುಂದಿದ್ದ ಕೈಗೆ ಹೋಗಿ ಕೂತಿತ್ತು. ಫೋಕಸ್ ಜಾಗವನ್ನು ಆರಿಸಿಕೊಳ್ಳಲು ಕ್ಯಾಮೆರಾಗೇ ಬಿಟ್ಟರೆ ಅದು ಸಾಮಾನ್ಯವಾಗಿ ಹತ್ತಿರ ಇದ್ದದ್ದನ್ನೇ ಹಿಡಿಯುತ್ತದೆ. ಈಗ ಒಂದೇ ಪಾಯಿಂಟ್ ಇಟ್ಟು, ಹತ್ತಿರದ ಕಣ್ಣಿನ ಮೇಲೆ ಹಿಡಿಯುತ್ತೇನೆ. ಶಟರ್ 1/200ಕ್ಕಿಂತ ಕೆಳಗೆ ಬಿಡುವುದಿಲ್ಲ, ಐಎಸ್‌ಒ 800 ಆದರೂ ಚಿಂತೆ ಇಲ್ಲ. ಸ್ವಲ್ಪ ನಾಯ್ಸ್ (ಮರಳು ಚೆಲ್ಲಿದಂಥ ಚುಕ್ಕೆಗಳು) ಇರುವ ಫೋಟೋ ಇಟ್ಟುಕೊಳ್ಳಬಹುದು, ಅಲುಗಾಡಿದ್ದನ್ನು ಏನು ಮಾಡೋಣ?

ಆರನೇ ವಾರ

ಸೆಟ್ಟಿಂಗು ಮರೆತು ಮಾತಾಡಲು ಶುರು ಮಾಡಿದ್ದು ಈ ವಾರ. "ನಗು" ಅಂದರೆ ತಂಗಿ ಹಲ್ಲು ತೋರಿಸುತ್ತಾಳೆ, ಅಷ್ಟೇ. "ಆಯ್ತು, ಮುಗೀತು" ಅಂದ ತಕ್ಷಣ ಅವಳ ಭುಜ ಸಡಿಲವಾಗುತ್ತದೆ. ಆಗ ಇನ್ನೆರಡು ತೆಗೆಯುತ್ತೇನೆ. ಇಟ್ಟುಕೊಂಡ ಒಂಬತ್ತರಲ್ಲಿ ಆರು "ಮುಗೀತು" ಆದಮೇಲಿನವು. ಅವಳಿಗೆ ಈ ಆಟ ಗೊತ್ತಾಗಿಬಿಟ್ಟಿದೆ, ಇನ್ನು ಬೇರೆ ಏನಾದರೂ ಹುಡುಕಬೇಕು.

ಎಫ್/1.8 ಲೆನ್ಸಿನ ಆಸೆ ಹೋಗಿಲ್ಲ, ಆದರೆ ಅವಸರ ಹೋಗಿದೆ. ಸದ್ಯದ ತಲೆನೋವು ಅಪ್ಪನ ಕನ್ನಡಕ. ನೆರಳಿಗೆ ನಿಲ್ಲಿಸಿ ಆಕಾಶದ ಕಡೆ ಮುಖ ಮಾಡಿಸಿದರೆ ಇಡೀ ಆಕಾಶ ಗಾಜಿನಲ್ಲಿ ಕೂತು ಕಣ್ಣೇ ಕಾಣುವುದಿಲ್ಲ. ಗದ್ದ ಒಂಚೂರು ತಗ್ಗಿಸಿದರೆ ಕಡಿಮೆಯಾಗುತ್ತದೆ, ಆದರೆ ಅಪ್ಪ ಆಗ ನೆಲ ನೋಡುತ್ತಾರೆ. ಭಾನುವಾರ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಸ್ವಲ್ಪ ಮೇಲೆತ್ತಿ, ಗಾಜು ಕೆಳಗೆ ಬಾಗುವ ಹಾಗೆ ಮಾಡಿ ನೋಡಬೇಕು. ಅವರು ಒಪ್ಪಿದರೆ.