ಹೆಗಲ ಮೇಲಿನ ಗಿಳಿ

ಛದ್ಮವೇಷಕ್ಕೆ ಮಗಳು ಕಡಲ್ಗಳ್ಳಿ ಆಗ್ತಾಳಂತೆ, ಹೆಗಲ ಮೇಲೆ ಗಿಳಿ ಬೇಕೇ ಬೇಕಂತೆ. ಸರಿ, ಕ್ರೋಶೆ ಕಡ್ಡಿ ಹಿಡಿದು ಕೂತೆ. ಎಳೆದರೆ ಬಿಗಿಯಾಗೋ ನೂಲಿನ ಕುಣಿಕೆ, ಅಂದರೆ ಮ್ಯಾಜಿಕ್ ರಿಂಗ್‌ನಲ್ಲಿ 6 ಹೊಲಿಗೆ, ಮುಂದಿನ ಸುತ್ತಿಗೆ 12, ಆಮೇಲೆ 18. ನೆತ್ತಿ ತಾನಾಗಿಯೇ ಗುಂಡಗಾಗುತ್ತೆ. ನೂಲಿನ ಲೇಬಲ್ ಹೇಳೋದಕ್ಕಿಂತ ಸಣ್ಣ ಕಡ್ಡಿಯೇ ಒಳ್ಳೇದು, ಇಲ್ಲದಿದ್ದರೆ ಸಂದಿಯಿಂದ ಹತ್ತಿ ಇಣುಕುತ್ತೆ. ಬೆರಳಿಗೆ ಮಾತ್ರ ಶಿಕ್ಷೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕೋ ಚಿಕ್ಕವನಿದ್ದಾನಲ್ಲ, ಅದಕ್ಕೇ ಪ್ಲಾಸ್ಟಿಕ್ ಕಣ್ಣು ಬಿಟ್ಟು ಕಪ್ಪು ದಾರದಲ್ಲಿ ಕಸೂತಿ ಹಾಕಿದೆ. ಒಂದು ಹುಬ್ಬು ಬೇಕಂತಲೇ ಮೇಲೆತ್ತಿದ್ದೀನಿ; ಕಳ್ಳರ ಜೊತೆಗಿರೋ ಗಿಳಿಗೆ ಅಷ್ಟಾದರೂ ಸಂಶಯ ಇರಲಿ.

ವೇದಿಕೆ ಮೇಲಿನ ಎರಡು ನಿಮಿಷಕ್ಕೆ ಇಷ್ಟೆಲ್ಲ ಬೇಕಾ ಅಂತ ಅನ್ನಿಸದೇ ಇರಲ್ಲ. ಆದರೆ ವೇಷ ಕಳಚಿದ ಮೇಲೂ ಹಾಸಿಗೆವರೆಗೆ ಬರೋದು ಗಿಳಿ ಒಂದೇ ತಾನೆ? ಬಾಲ ಇನ್ನೂ ಬಾಕಿ. ಕೆಂಪು ನೂಲು ಸಾಲುತ್ತೋ ಇಲ್ವೋ!