ರಿಸರ್ವ್ ಡ್ರೈವರ್ ಸುಮ್ನೆ ಕಾಯುತ್ತಾ ಕೂತಿರುವುದಿಲ್ಲ

ಟಿವಿಯಲ್ಲಿ ಫಾರ್ಮುಲಾ ಒನ್ ನೋಡುವವರಿಗೆ ರಿಸರ್ವ್ ಡ್ರೈವರ್ ಅಂದರೆ ಗ್ಯಾರೇಜಿನ ಮೂಲೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೈಕಟ್ಟಿ ನಿಂತವರು. ಕ್ಯಾಮೆರಾ ಒಂದೆರಡು ಸೆಕೆಂಡು ಅವರ ಮುಖ ತೋರಿಸಿ ಮುಂದೆ ಹೋಗುತ್ತದೆ. ನಾನು ಒಂದು ರೇಸಿಂಗ್ ತಂಡದ ಸಿಮ್ಯುಲೇಟರ್ (ಕಂಪ್ಯೂಟರಿನಲ್ಲೇ ಕಾರು ಓಡಿಸುವ ಯಂತ್ರ) ವಿಭಾಗದಲ್ಲಿ ಎಂಜಿನಿಯರ್. ರೇಸ್ ಇರುವ ವಾರಗಳಲ್ಲಿ ನನಗೆ ಒಡನಾಟ ಜಾಸ್ತಿ ಇರುವುದು, ರೇಸ್ ಓಡಿಸುವ ಇಬ್ಬರಲ್ಲಿ ಒಬ್ಬರಿಗೆ ಆಗದಿದ್ದರೆ ಅವರ ಜಾಗಕ್ಕೆ ಹೋಗುವ ಈ ಮೂರನೆಯವರ ಜೊತೆಗೇ. ಅವರ ಕೆಲಸ ಹತ್ತಿರದಿಂದ ನೋಡಿ ನಾನು ಕಲಿತದ್ದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಶುಕ್ರವಾರದ ಎರಡನೇ ಪ್ರಾಕ್ಟೀಸ್ ಮುಗಿಯುತ್ತಿದ್ದ ಹಾಗೆ ನಮ್ಮ ಕೆಲಸಕ್ಕೆ ಬಿಸಿ ಏರುತ್ತದೆ. ಟ್ರ್ಯಾಕ್‌ನಿಂದ ಡೇಟಾ ಫ್ಯಾಕ್ಟರಿಗೆ ಬರುತ್ತದೆ. ಸಿಮ್ಯುಲೇಟರಿನ ಕಾರು ನಿಜವಾದ ಕಾರಿನ ಹಾಗೆಯೇ ನಡೆದುಕೊಳ್ಳುತ್ತಿದೆಯಾ ಅಂತ ಮೊದಲು ನೋಡಬೇಕು. ಅಲ್ಲಿ ನಿಧಾನದ ತಿರುವಿನಲ್ಲಿ ಮುಂಭಾಗ ಒಳಕ್ಕೆ ಬರುತ್ತಿಲ್ಲ ಅಂದರೆ ಇಲ್ಲೂ ಬರಬಾರದು. ಇದು ಹೊಂದುವವರೆಗೆ ಬೇರೆ ಏನು ಮಾಡಿದರೂ ದಂಡ. ಹೊಂದಿದ ಮೇಲೆ ಮುಂದಿನ ವಿಂಗ್‌ನ ಕೋನ, ಹಿಂಬದಿಯ ಎತ್ತರ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆಂಟಿ ರೋಲ್ ಬಾರ್ ಅಂತ ಒಂದೊಂದನ್ನೇ ಬದಲಿಸುತ್ತಾ ಹೋಗುತ್ತೇವೆ. ಎಷ್ಟೋ ಸಲ ನಡುರಾತ್ರಿ ದಾಟಿದರೂ ರಿಸರ್ವ್ ಡ್ರೈವರ್ ಸುತ್ತು ಹೊಡೆಯುತ್ತಲೇ ಇರುತ್ತಾರೆ. ಶನಿವಾರದ ಪ್ರಾಕ್ಟೀಸಿಗೆ ಮೊದಲು ನಮ್ಮ ವರದಿ ಟ್ರ್ಯಾಕ್ ಕಡೆಯ ಎಂಜಿನಿಯರುಗಳ ಕೈಯಲ್ಲಿರಬೇಕು. ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್ ಶುರುವಾಯಿತು ಅಂದರೆ ಪಾರ್ಕ್ ಫರ್ಮೆ ನಿಯಮ ಬಂತು. ಆಮೇಲೆ ಸೆಟಪ್ ಬದಲಿಸುತ್ತೇನೆ ಅಂದರೆ ಪಿಟ್ ಲೇನ್‌ನಿಂದ ರೇಸ್ ಶುರುಮಾಡಬೇಕಾಗುತ್ತದೆ.

ಕೆಲವು ತಂಡಗಳಲ್ಲಿ ಸಿಮ್ಯುಲೇಟರಿಗೇ ಅಂತ ಬೇರೆ ಡ್ರೈವರ್ ಇರುತ್ತಾರೆ. ರೆಡ್ ಬುಲ್ ತಂಡಕ್ಕೆ ಸೆಬಾಸ್ಟಿಯನ್ ಬುಎಮಿ ವರ್ಷಗಟ್ಟಲೆ ಈ ಕೆಲಸ ಮಾಡಿಕೊಟ್ಟಿದ್ದಾರೆ. ನಮ್ಮಲ್ಲಿ ಒಬ್ಬರೇ ಎರಡನ್ನೂ ನಿಭಾಯಿಸುತ್ತಾರೆ. ಒಂದು ವಾರ ಟ್ರ್ಯಾಕ್, ಇನ್ನೊಂದು ವಾರ ಫ್ಯಾಕ್ಟರಿ.

ಒಂದು ಶುಕ್ರವಾರ ರಾತ್ರಿ ನಡೆದದ್ದು ಹೇಳುತ್ತೇನೆ. ಮುಂದಿನ ವಿಂಗ್ ಸ್ವಲ್ಪ ಏರಿಸಿ, ಹಿಂಬದಿಯ ಬಾರ್ ಬಿಗಿ ಮಾಡಿ ಕೊಟ್ಟೆವು. ಸಮಯ ಚೆನ್ನಾಗಿ ಇಳಿಯಿತು. ನಮ್ಮ ರಿಸರ್ವ್ ಡ್ರೈವರ್ ರೇಡಿಯೊದಲ್ಲಿ, "ನನಗೆ ಕಾರು ತುಂಬಾ ಹಿಡಿಸಿತು. ಆದರೆ ನಮ್ಮ ರೇಸ್ ಡ್ರೈವರಿಗೆ ಇದು ಆಗಲ್ಲ, ಬಿಡಿ" ಅಂದರು.

"ಟೈಮ್ ಬಂದಿದೆಯಲ್ಲಾ?" ಅಂತ ಕೇಳಿದೆ.

"ನನಗೆ ಬಂದಿದೆ. ಅವರು ತಿರುವಿನ ಒಳಗೂ ಬ್ರೇಕ್ ಒತ್ತಿಕೊಂಡೇ ಬರುತ್ತಾರೆ. ಹಿಂಬದಿ ನಿಲ್ಲಲ್ಲ. ನೋಡಿ ಬೇಕಾದರೆ."

ಮುಂದಿನ ಸುತ್ತಿನಲ್ಲಿ ತಮ್ಮ ಕಾಲಿನ ಅಭ್ಯಾಸ ಬಿಟ್ಟು, ರೇಸ್ ಡ್ರೈವರ್ ಹೇಗೆ ಬ್ರೇಕ್ ಬಿಡುತ್ತಾರೋ ಹಾಗೇ ಬಿಡುತ್ತಾ ಬಂದರು. ಕಾರು ಎರಡನೇ ತಿರುವಿನಲ್ಲೇ ಗಿರ್ರನೆ ತಿರುಗಿ ನಿಂತಿತು. ಆ ಸೆಟಪ್ ಅಲ್ಲಿಗೇ ಕೈಬಿಟ್ಟೆವು.

ಈ ಕೆಲಸದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ. ತನಗೆ ಒಗ್ಗುವ ಕಾರು ಹುಡುಕುವುದು ಯಾವ ಡ್ರೈವರಿಗೂ ಸಹಜ. ಇನ್ನೊಬ್ಬರ ಕೈಕಾಲಿಗೆ ಒಗ್ಗುವ ಕಾರನ್ನು, ಅದೂ ತಾನು ಕೂರಬೇಕು ಅಂತ ಆಸೆಪಡುತ್ತಿರುವ ಸೀಟಿನಲ್ಲಿ ಕೂತಿರುವವರಿಗೋಸ್ಕರ, ನಿದ್ದೆಗೆಟ್ಟು ಹುಡುಕಿಕೊಡಲು ಬೇರೆಯೇ ಮನಸ್ಸು ಬೇಕು. ಭಾನುವಾರ ಪೋಡಿಯಂ ಮೇಲೆ ಆ ಹೆಸರು ಬರುವುದಿಲ್ಲ.

ಇನ್ನು ಕರೆ ಬಂದ ದಿನದ ವಿಷಯ. ರಿಸರ್ವ್ ಡ್ರೈವರ್ ಬಗ್ಗೆ ಮಾತು ಬಂದಾಗೆಲ್ಲ ನಾನು ಹೊಸಬರಿಗೆ ಹೇಳುವುದು 2009ರ ಫೆರಾರಿ ಕಥೆ. ಹಂಗೇರಿಯಲ್ಲಿ ಕ್ವಾಲಿಫೈಯಿಂಗ್ ವೇಳೆ ಫೆಲಿಪೆ ಮಸ್ಸಾ ತಲೆಗೆ ಪೆಟ್ಟಾಯಿತು. ಅವರ ಜಾಗಕ್ಕೆ ಬಂದವರು ಲೂಕಾ ಬಡೋಯರ್, ಫೆರಾರಿಯ ಬಹುಕಾಲದ ಟೆಸ್ಟ್ ಡ್ರೈವರ್. ಆ ತಂಡದ ಕಾರುಗಳನ್ನು ಅವರಷ್ಟು ಓಡಿಸಿದವರು ಕಡಿಮೆ. ಆದರೆ ಅವರು ಕೊನೆಯ ಸಲ ರೇಸ್ ಮಾಡಿದ್ದು 1999ರಲ್ಲಿ. ಮೇಲಾಗಿ 2009ರಲ್ಲೇ ಸೀಸನ್ ನಡುವಿನ ಟೆಸ್ಟಿಂಗ್ ನಿಷೇಧವಾಗಿತ್ತು. ಅಂದರೆ ಟೆಸ್ಟ್ ಡ್ರೈವರಿಗೆ ಟೆಸ್ಟೇ ಇರಲಿಲ್ಲ. ವೇಲೆನ್ಸಿಯಾದಲ್ಲಿ 17ನೇ ಸ್ಥಾನ, ಸ್ಪಾದಲ್ಲಿ 14ನೇ ಸ್ಥಾನ, ಎರಡು ಕಡೆಯೂ ಓಡಿ ಮುಗಿಸಿದವರಲ್ಲಿ ಕೊನೆಯವರು. ಪತ್ರಿಕೆಗಳು ಅವರನ್ನು ಬಹಳ ಆಡಿಕೊಂಡವು. ನನಗೆ ಅದು ಈಗಲೂ ಸರಿ ಕಾಣುವುದಿಲ್ಲ.

ಯಾಕೆಂದರೆ ಮುಂದೆ ಆದದ್ದು ನೋಡಿ. ಅವರ ಬದಲು ಫೆರಾರಿ ಕರೆತಂದಿದ್ದು ಜಾಂಕಾರ್ಲೊ ಫಿಸಿಕೆಲ್ಲಾ ಅವರನ್ನು. ಅವರು ಆಗಷ್ಟೇ ಸ್ಪಾದಲ್ಲಿ ಫೋರ್ಸ್ ಇಂಡಿಯಾ ಕಾರಿನಲ್ಲಿ ಪೋಲ್ (ಎಲ್ಲರಿಗಿಂತ ಮುಂದೆ ಹೊರಡುವ ಜಾಗ) ಪಡೆದು, ರೇಸ್‌ನಲ್ಲಿ ಎರಡನೆಯವರಾಗಿ ಬಂದಿದ್ದರು. ಅದೇ ರೇಸ್ ಗೆದ್ದದ್ದು ಕಿಮಿ ರೈಕೊನೆನ್, ಫೆರಾರಿಯಲ್ಲಿ. ಹೀಗಿದ್ದೂ ಫೆರಾರಿ ಹತ್ತಿದ ಫಿಸಿಕೆಲ್ಲಾಗೆ ಉಳಿದ ಐದು ರೇಸುಗಳಲ್ಲಿ ಒಂದೇ ಒಂದು ಪಾಯಿಂಟ್ ಬರಲಿಲ್ಲ. ಆ ವರ್ಷದ ಅತ್ಯುತ್ತಮ ಫಾರ್ಮಿನಲ್ಲಿದ್ದ ಅನುಭವಿಗೇ ಹೀಗಾಯಿತು ಅಂದರೆ, ಡ್ರೈವರ್ ಒಳ್ಳೆಯವರೋ ಅಲ್ಲವೋ ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ಆ ಕಾರಿನ ಪರಿಚಯ ಅವರಿಗೆ ಎಷ್ಟಿತ್ತು ಅನ್ನುವುದು ಇನ್ನರ್ಧ. ಆ ಅರ್ಧ ತಂಡದ ಕೈಯಲ್ಲಿದೆ.

ಇದಕ್ಕೆ ಎದುರು 2024ರ ಜೆಡ್ಡಾ, ಸೌದಿ ಅರೇಬಿಯಾದ ರೇಸ್. ಫೆರಾರಿಯ ಕಾರ್ಲೊಸ್ ಸೈನ್ಸ್‌ಗೆ ಅಪೆಂಡಿಸೈಟಿಸ್. 18 ವರ್ಷದ ಆಲಿವರ್ ಬೇರ್‌ಮನ್‌ಗೆ ಕರೆ. ಅದೇ ವಾರ ಅದೇ ಟ್ರ್ಯಾಕ್‌ನಲ್ಲಿ ಅವರು ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟು ಓಡಿಸುತ್ತಿದ್ದರು, ಪೋಲ್ ಕೂಡ ಪಡೆದಿದ್ದರು. ಫೆರಾರಿಯಲ್ಲಿ ಸಿಕ್ಕಿದ್ದು ಕೊನೆಯ ಪ್ರಾಕ್ಟೀಸಿನ ಒಂದು ಗಂಟೆ. ಕ್ವಾಲಿಫೈಯಿಂಗ್‌ನಲ್ಲಿ 11ನೆಯವರಾಗಿ, ರೇಸ್‌ನಲ್ಲಿ 7ನೆಯವರಾಗಿ ಬಂದರು, ನಾರಿಸ್ ಮತ್ತು ಹ್ಯಾಮಿಲ್ಟನ್ ಇಬ್ಬರನ್ನೂ ಹಿಂದೆ ಹಾಕಿ. ಪ್ರತಿಭೆ ಅಂತ ಎಲ್ಲರೂ ಹೊಗಳಿದರು. ಪ್ರತಿಭೆ ಖಂಡಿತ ಇತ್ತು. ಆದರೆ ಸಿಮ್ಯುಲೇಟರ್ ಕೋಣೆಯಲ್ಲಿ ಕೂತು ನೋಡಿದ ನನಗೆ ಬೇರೆ ವಿಷಯಗಳೂ ಕಂಡವು. ಹಿಂದಿನ ವರ್ಷ ಹಾಸ್ ತಂಡ ಅವರಿಗೆ ಎರಡು ಶುಕ್ರವಾರ ಪ್ರಾಕ್ಟೀಸ್ ಕೊಟ್ಟಿತ್ತು. ಜೆಡ್ಡಾದ ಗೋಡೆಗಳು ಆ ವಾರ ಅವರ ಕಣ್ಣಿಗೆ ಹೊಸದಲ್ಲ. ರೇಸ್ ಮಾಡುವ ರೂಢಿ ತಪ್ಪಿರಲಿಲ್ಲ.

2020ರಲ್ಲಿ ನಿಕೊ ಹುಲ್ಕೆನ್‌ಬರ್ಗ್ ಮಾಡಿದ್ದೂ ಹೀಗೇ. ನ್ಯೂರ್‌ಬರ್ಗ್‌ರಿಂಗ್‌ಗೆ ಕ್ವಾಲಿಫೈಯಿಂಗ್ ಹೊತ್ತಿಗೆ ಓಡೋಡಿ ಬಂದು ಕಾರು ಹತ್ತಿ, ಕೊನೆಯ ಸ್ಥಾನದಿಂದ ಹೊರಟು 8ನೆಯವರಾದರು. ಎಲ್ಲರಿಗೂ ನೆನಪಿರುವುದು ಈ ಸಾಹಸ. ಆದರೆ ಅದಕ್ಕೆ ಮೊದಲು ಅದೇ ವರ್ಷದ ಆಗಸ್ಟ್‌ನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಎರಡು ವಾರ ಅವರು ಅದೇ ರೇಸಿಂಗ್ ಪಾಯಿಂಟ್ ಕಾರಿನಲ್ಲಿ ಕೂತಿದ್ದರು. ಸ್ಟಿಯರಿಂಗ್ ಮೇಲಿನ ಗುಂಡಿಗಳು ಬೆರಳಿಗೆ ಗೊತ್ತಿದ್ದವು.

ಗುಂಡಿಗಳು ಅಂದೆನಲ್ಲ, ಅದೇ ದೊಡ್ಡ ವಿಷಯ. ಬ್ರೇಕ್ ಬ್ಯಾಲೆನ್ಸ್, ಡಿಫರೆನ್ಷಿಯಲ್, ಬ್ಯಾಟರಿ ಬಳಕೆಯ ಮೋಡ್ ಎಲ್ಲ ಆ ಒಂದು ಚಕ್ರದಲ್ಲೇ ಇರುತ್ತವೆ. ಒಂದೇ ತಂಡದ ಇಬ್ಬರು ಡ್ರೈವರುಗಳ ಚಕ್ರವೂ ಒಂದೇ ತರಹ ಇರಬೇಕು ಅಂತಿಲ್ಲ. ಒಬ್ಬರಿಗೆ ಎಡ ಹೆಬ್ಬೆರಳಿಗೆ ಸಿಗುವ ಗುಂಡಿ ಇನ್ನೊಬ್ಬರಿಗೆ ಬಲಕ್ಕಿರಬಹುದು. ಯಾರ ಜಾಗಕ್ಕೆ ಹೋಗಬೇಕಾಗುತ್ತದೋ ರಿಸರ್ವ್ ಡ್ರೈವರಿಗೆ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಎರಡೂ ಬಾಯಿಪಾಠ ಆಗಿರಬೇಕು. ನಮ್ಮವರು ಒಂದು ಪುಸ್ತಕ ಇಟ್ಟುಕೊಂಡಿದ್ದಾರೆ. ಎಡದ ಪುಟದಲ್ಲಿ ಒಬ್ಬ ಡ್ರೈವರ್, ಬಲದ ಪುಟದಲ್ಲಿ ಇನ್ನೊಬ್ಬರು. ಯಾವ ಎಂಜಿನಿಯರ್ ರೇಡಿಯೊದಲ್ಲಿ ಯಾವ ಮಾತು ಬಳಸುತ್ತಾರೆ ಅನ್ನುವುದೂ ಅದರಲ್ಲಿದೆ. ಬದಲಿಯಾಗಿ ಹೋದವರಿಗೆ ಕಾರಿನ ಜೊತೆ ಆ ಎಂಜಿನಿಯರೂ ಬಳುವಳಿಯಾಗಿ ಬರುತ್ತಾರೆ ಅಲ್ವಾ? ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ "ಅಂದರೆ ಏನು?" ಅಂತ ಕೇಳುತ್ತಾ ಕೂರಲು ಆಗುವುದಿಲ್ಲ.

ಸೀಟಿನ ವಿಷಯವೂ ಅಷ್ಟೇ. ಪ್ರತಿಯೊಬ್ಬರ ಬೆನ್ನಿಗೆ ಅಚ್ಚು ತೆಗೆದು ಮಾಡಿದ ಸೀಟು ಅದು. 2020ರ ಸಖೀರ್ ರೇಸ್‌ನಲ್ಲಿ ಹ್ಯಾಮಿಲ್ಟನ್ ಕಾರಿಗೆ ಜಾರ್ಜ್ ರಸೆಲ್ ಬಂದಾಗ, ಎತ್ತರದ ಅವರ ಪಾದಗಳಿಗೆ ಜಾಗ ಸಾಲದೆ ಒಂದು ಅಳತೆ ಚಿಕ್ಕ ಶೂ ಹಾಕಿಕೊಂಡು ಓಡಿಸಿದರು. ಆ ಇಕ್ಕಟ್ಟಿನಲ್ಲೂ ಕ್ವಾಲಿಫೈಯಿಂಗ್‌ನಲ್ಲಿ ಎರಡನೆಯವರಾದರು.

ಸಿಮ್ಯುಲೇಟರ್ ಕೊಡಲಾಗದ್ದು ಒಂದಿದೆ, ಮೈಮೇಲಿನ ಹೊರೆ. ವೇಗದ ತಿರುವಿನಲ್ಲಿ ಕುತ್ತಿಗೆಯ ಮೇಲೆ ಬೀಳುವ ಭಾರ ತಲೆ ಮತ್ತು ಹೆಲ್ಮೆಟ್‌ನ ತೂಕದ ಐದು ಪಟ್ಟಿನ ಹತ್ತಿರ ಹೋಗುತ್ತದೆ. ಜಿಮ್‌ನಲ್ಲಿ ಎಷ್ಟೇ ದುಡಿದರೂ ಒಂದೂವರೆ ಗಂಟೆ ಅದನ್ನು ತಾಳುವುದು ಬೇರೆಯೇ ಮಾತು. 2022ರಲ್ಲಿ ಮೊಂಜಾದಲ್ಲಿ ವಿಲಿಯಮ್ಸ್ ತಂಡದ ಆಲ್ಬನ್ ಜಾಗಕ್ಕೆ ಶನಿವಾರ ಬೆಳಗ್ಗೆ ಬಂದ ನಿಕ್ ಡಿ ವ್ರೀಸ್ 9ನೆಯವರಾಗಿ ಎರಡು ಪಾಯಿಂಟ್ ತಂದರು. ರೇಸ್ ಮುಗಿದಾಗ ಅವರ ಭುಜಗಳು ಸೋತುಹೋಗಿದ್ದವು.

ಇದೆಲ್ಲ ನೋಡಿದ ಮೇಲೆ ನಮ್ಮ ವಿಭಾಗದಲ್ಲಿ ಒಂದು ಕ್ರಮ ಬಿಗಿಯಾಗಿ ಪಾಲಿಸುತ್ತೇವೆ. ರಿಸರ್ವ್ ಡ್ರೈವರ್ ಇಲ್ಲದೆ ಡಿಬ್ರೀಫ್ (ಓಟ ಮುಗಿದ ಮೇಲಿನ ಚರ್ಚೆ) ಇಲ್ಲ. ಸಾಫ್ಟ್‌ವೇರಿನಲ್ಲಿ ಒಂದು ಮೋಡ್‌ನ ಹೆಸರು ಬದಲಾದರೂ ಅವತ್ತೇ ಅವರಿಗೆ ತಿಳಿಸುತ್ತೇವೆ. "ಅವರು ಈ ವಾರ ಓಡಿಸಲ್ಲವಲ್ಲ, ಆಮೇಲೆ ಹೇಳಿದರಾಯಿತು" ಅನ್ನುವ ಮಾತು ಯಾವ ಕೆಲಸದ ಜಾಗದಲ್ಲೂ ಸುಲಭವಾಗಿ ಬಾಯಿಗೆ ಬರುತ್ತದೆ. ಆ ಆಮೇಲೆ ಬರುವುದು ಶನಿವಾರ ಬೆಳಗ್ಗೆ, ಒಬ್ಬರು ಆಸ್ಪತ್ರೆಯಲ್ಲಿರುವಾಗ. ರಜೆಗೆ ಬದಲಿ ಜನ ಇಟ್ಟುಕೊಂಡಿರುವ ಯಾವ ಕಚೇರಿಯ ಗೆಳೆಯರಿಗೂ ನಾನು ಇದನ್ನೇ ಕೇಳುತ್ತೇನೆ: ನಿನ್ನೆ ಬದಲಾದದ್ದು ಅವರಿಗೆ ಇವತ್ತು ಗೊತ್ತಾ?

ನಿಯಮಗಳ ಬಗ್ಗೆ ನನಗೊಂದು ತಕರಾರಿದೆ. 2025ರಿಂದ ಪ್ರತಿ ತಂಡ ವರ್ಷಕ್ಕೆ ನಾಲ್ಕು ಸಲ ಶುಕ್ರವಾರದ ಪ್ರಾಕ್ಟೀಸಿನಲ್ಲಿ ಹೊಸಬರಿಗೆ ಕಾರು ಕೊಡಬೇಕು. ಒಳ್ಳೆಯದೇ. ಆದರೆ ಹೊಸಬರು ಅಂದರೆ ಎರಡಕ್ಕಿಂತ ಹೆಚ್ಚು ಗ್ರ್ಯಾನ್ ಪ್ರಿ ಓಡಿಸದವರು. 2025ರಲ್ಲಿ ಮರ್ಸಿಡಿಸ್‌ನ ರಿಸರ್ವ್ ಆಗಿದ್ದ ವಾಲ್ಟೆರಿ ಬೊಟಾಸ್ ಅಂಥವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ನಾಳೆ ನಿಜವಾಗಿ ಕರೆ ಬರುವುದು ಅವರಿಗೆ, ಓಡಿಸಲು ಸಿಗುವುದು ಹೆಚ್ಚೆಂದರೆ ಹಳೆಯ ಕಾರು. ವರ್ಷಕ್ಕೆ ಒಂದು ಪ್ರಾಕ್ಟೀಸ್ ಆದರೂ ತಂಡದ ಅಧಿಕೃತ ರಿಸರ್ವ್ ಡ್ರೈವರಿಗೆ, ಅನುಭವ ಎಷ್ಟೇ ಇರಲಿ, ಕಡ್ಡಾಯವಾಗಿ ಸಿಗಬೇಕು. ಅದರಲ್ಲಿ ರೇಸ್ ಡ್ರೈವರ್ ಕಳೆದುಕೊಳ್ಳುವುದು ಒಂದು ಗಂಟೆ ಮಾತ್ರ.