ತೆರಿಗೆ ದರ ಯಾರ ಕೈಯಲ್ಲಿದೆ? ಸ್ವೀಡನ್, ಜರ್ಮನಿಯ ಸಂಬಳದ ಚೀಟಿ ನೋಡಿ

ಒಕ್ಕೂಟ ದೇಶದಲ್ಲಿ ತೆರಿಗೆಯ ಅಧಿಕಾರ ಕೆಳಗಿನವರೆಗೂ ಹಂಚಿಕೆಯಾಗಿರುತ್ತದೆ, ಏಕೀಕೃತ ದೇಶದಲ್ಲಿ ಎಲ್ಲವೂ ರಾಜಧಾನಿಯ ಮುಷ್ಟಿಯಲ್ಲಿರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆ ಲೆಕ್ಕ ಯುರೋಪಿನಲ್ಲಿ ಕೈಕೊಡುತ್ತದೆ.

ಸ್ವೀಡನ್ ಏಕೀಕೃತ ದೇಶ. ಆದರೂ ಸಂಬಳದಲ್ಲಿ ಮುರಿದುಕೊಳ್ಳುವ ಆದಾಯ ತೆರಿಗೆಯ ದೊಡ್ಡ ಪಾಲು ಹೋಗುವುದು ಮುನಿಸಿಪಾಲಿಟಿಗೆ ಮತ್ತು ಪ್ರಾಂತ್ಯಕ್ಕೆ. ಶಾಲೆ, ಶಿಶುವಿಹಾರ, ವೃದ್ಧರ ಆರೈಕೆ ಮುನಿಸಿಪಾಲಿಟಿಯ ಹೊಣೆ, ಆಸ್ಪತ್ರೆ ಪ್ರಾಂತ್ಯದ್ದು. 290 ಮುನಿಸಿಪಾಲಿಟಿಗಳೂ ತಮ್ಮ ದರವನ್ನು ತಾವೇ ಗೊತ್ತುಮಾಡುತ್ತವೆ. ಪ್ರಾಂತ್ಯದ ದರವೂ ಸೇರಿ ಸರಾಸರಿ ಶೇ 32ಕ್ಕಿಂತ ತುಸು ಹೆಚ್ಚು. ಸ್ಟಾಕ್‌ಹೋಮ್ ಹತ್ತಿರದ ಓಸ್ಟರೋಕರ್‌ನಲ್ಲಿ ಸುಮಾರು 29, ಉತ್ತರದ ದೊರೊಟೇಯದಲ್ಲಿ 35ರ ಮೇಲೆ. ತೆರಿಗೆಗೆ ಒಳಪಡುವ ಆದಾಯ 4 ಲಕ್ಷ ಕ್ರೋನರ್ ಇದ್ದರೆ ಈ ಅಂತರ ವರ್ಷಕ್ಕೆ 24,000 ಕ್ರೋನರ್‌ಗೂ ಹೆಚ್ಚಾಗುತ್ತದೆ. ಕೇಂದ್ರ ಸರ್ಕಾರದ ಶೇ 20 ತೆರಿಗೆ ಬೀಳುವುದು ವರ್ಷದ ಆದಾಯ 6 ಲಕ್ಷಕ್ಕೂ ಮೇಲಿರುವ ಒಂದು ಮಿತಿ ದಾಟಿದಮೇಲೆ, ಅದೂ ದಾಟಿದ ಮೊತ್ತಕ್ಕಷ್ಟೇ.

ಸ್ವೀಡನ್ನಿನಲ್ಲೇ ಇದ್ದು ಮನೆ ಬದಲಿಸುವವರು ಎಡವುವುದು ತಾರೀಖಿನಲ್ಲಿ. ಹಿಂದಿನ ವರ್ಷದ ನವೆಂಬರ್ 1ರಂದು ನಿಮ್ಮ ಹೆಸರು ಯಾವ ಊರಿನಲ್ಲಿ ನೋಂದಣಿಯಾಗಿತ್ತೋ ಆ ಊರಿನ ದರವೇ ಇಡೀ ವರ್ಷಕ್ಕೆ. ನವೆಂಬರ್ 2ಕ್ಕೆ ಕಡಿಮೆ ತೆರಿಗೆಯ ಊರಿಗೆ ಹೋದರೆ ಮುಂದಿನ ಇಡೀ ವರ್ಷ ಹಳೆಯ ದರವನ್ನೇ ಕಟ್ಟಬೇಕು. ಮನೆ ನೋಡುವಾಗ ಬಾಡಿಗೆಯ ಜೊತೆ ಇದನ್ನೂ ಕೂಡಿಸಿ ನೋಡಿ.

ದೊರೊಟೇಯದ ದರ ಹೆಚ್ಚಿರುವುದು ಅಲ್ಲಿನವರ ದುಂದಿನಿಂದಲ್ಲ. ತೆರಿಗೆಗೆ ಒಳಪಡುವ ತಲಾ ಆದಾಯ ಕಡಿಮೆಯಿರುವ ಊರುಗಳಿಗೆ ಹಣ ಕೊಟ್ಟು ದೇಶದ ಸರಾಸರಿಯ ಶೇ 115ರವರೆಗೆ ಎತ್ತುವ ಸಮೀಕರಣ ವ್ಯವಸ್ಥೆ ಇದೆ. ಆದರೆ ಮೂರು ಸಾವಿರವೂ ಇಲ್ಲದ ಜನಸಂಖ್ಯೆ, ಅದರಲ್ಲಿ ವಯಸ್ಸಾದವರೇ ಹೆಚ್ಚು, ಮನೆಗಳು ದೂರದೂರ. ತಲಾ ಖರ್ಚು ಏರದೆ ವಿಧಿಯಿಲ್ಲ.

ಜರ್ಮನಿ 16 ರಾಜ್ಯಗಳ ಒಕ್ಕೂಟ. ಅಲ್ಲಿ ಹ್ಯಾಂಬರ್ಗ್ ಆಗಲಿ ಮ್ಯೂನಿಕ್ ಆಗಲಿ, ಆದಾಯ ತೆರಿಗೆಯ ದರ ಒಂದೇ. ಬಂದ ಹಣದಲ್ಲಿ ಕೇಂದ್ರಕ್ಕೆ ಶೇ 42.5, ರಾಜ್ಯಗಳಿಗೆ 42.5, ಸ್ಥಳೀಯ ಸಂಸ್ಥೆಗಳಿಗೆ 15. ರಾಜ್ಯಕ್ಕೆ ಪಾಲುಂಟು, ದರ ಬದಲಿಸುವ ಹಕ್ಕಿಲ್ಲ. ಆಸ್ತಿ ಖರೀದಿಯ ತೆರಿಗೆಯಲ್ಲಿ ಮಾತ್ರ 2006ರಿಂದ ಆ ಸ್ವಾತಂತ್ರ್ಯವಿದೆ: ಬವೇರಿಯದಲ್ಲಿ ಶೇ 3.5, ನಾರ್ಥ್ ರೈನ್ ವೆಸ್ಟ್‌ಫಾಲಿಯದಲ್ಲಿ 6.5. 5 ಲಕ್ಷ ಯೂರೋ ಮನೆಗೆ 15,000 ಯೂರೋ ವ್ಯತ್ಯಾಸ! ಊರುಗಳ ಕೈಯಲ್ಲಿರುವ ದೊಡ್ಡ ಅಸ್ತ್ರ ಉದ್ಯಮಗಳ ಲಾಭದ ಮೇಲಿನ ವ್ಯಾಪಾರ ತೆರಿಗೆ: ಮೂಲ ದರ ಶೇ 3.5ನ್ನು ಊರಿನ ಗುಣಕದಿಂದ ಗುಣಿಸುತ್ತಾರೆ. ಮ್ಯೂನಿಕ್‌ನ ಗುಣಕ ಶೇ 490, ಅಂದರೆ ಲಾಭದ ಮೇಲೆ ಶೇ 17.15. ಒಂದೇ ಕಾರ್ಖಾನೆ ನಂಬಿದ ಊರಿಗೆ ಇದು ಅಪಾಯ. ಲಾಭ ಕುಸಿದ ವರ್ಷ ಆದಾಯವೂ ಕುಸಿಯುತ್ತದೆ, ಶಿಶುವಿಹಾರದ ಖರ್ಚು ಮಾತ್ರ ಇಳಿಯುವುದಿಲ್ಲ.

ಪಾಲಿನ ಜಗಳ ಅಲ್ಲೂ ಇದೆ. ರಾಜ್ಯಗಳ ನಡುವಿನ ಸಮೀಕರಣಕ್ಕೆ ಹೆಚ್ಚು ಕೊಡುವ ಬವೇರಿಯ 2023ರಲ್ಲಿ ಸಂವಿಧಾನ ನ್ಯಾಯಾಲಯದ ಬಾಗಿಲು ತಟ್ಟಿತು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೆಯದರಲ್ಲಿ 3.647ಕ್ಕೆ ಇಳಿದಾಗ ನಮ್ಮಲ್ಲಿ ಎದ್ದ ಕೂಗು ನ್ಯಾಯವಾದದ್ದೇ. ಆದರೆ ದರದ ಹಕ್ಕಿನ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ. ಬೆಂಗಳೂರಿನ ಸಂಬಳದ ಚೀಟಿಯಲ್ಲಿ ರಾಜ್ಯವೇ ದರ ಗೊತ್ತುಮಾಡುವ ತೆರಿಗೆಯೆಂದರೆ ವೃತ್ತಿ ತೆರಿಗೆ; ಅದಕ್ಕೂ ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. 1988ರ ತಿದ್ದುಪಡಿಯಲ್ಲಿ ಬಂದ ಆ ಮಿತಿ ಇನ್ನೂ ಏರಿಲ್ಲ.